ಆ ಚಿತ್ರಗಳನ್ನು ವಾಪಸ್ ತನ್ನಿ: ಹಾಸನದ ನನ್ನ ಗಿರಾಕಿಗಳಿಗೊಂದು ಬಹಿರಂಗ ಪತ್ರ

ಹಾಸನದ ನನ್ನ ಗಿರಾಕಿಗಳಿಗೆ, ಮುಂದೆ ಗಿರಾಕಿಗಳಾಗಬಹುದಾದವರಿಗೆ, ಸುತ್ತಮುತ್ತಲ ತಾಲ್ಲೂಕುಗಳ ಫೋಟೊ ಸ್ಟುಡಿಯೊದವರಿಗೆ, ಫ್ಲೆಕ್ಸ್ ಅಂಗಡಿಯವರಿಗೆ ನಮಸ್ಕಾರ.

ಒಬ್ಬೊಬ್ಬರಿಗೂ ಫೋನ್ ಮಾಡಿ ಹೇಳೋಣ ಅಂದುಕೊಂಡಿದ್ದೆ. ನಾಲ್ಕು ಜನಕ್ಕೆ ಮಾಡಿದೆ. ಒಬ್ಬರು ನಗಾಡಿದರು, ಒಬ್ಬರು ಬೇಜಾರು ಮಾಡಿಕೊಂಡರು, ಇನ್ನಿಬ್ಬರು ಬಾಕಿ ದುಡ್ಡು ಕೇಳೋಕೆ ಮಾಡಿದ್ದೀನಿ ಅಂತ ತಿಳಿದು ಎತ್ತಲೇ ಇಲ್ಲ. ಹಾಗಾಗಿ ಬರೆದೇ ಬಿಡುತ್ತಿದ್ದೇನೆ.

ವಿಷಯ ಇಷ್ಟೆ. ಫೋಟೊ ನೋಡಿ ಚಿತ್ರ ಬರೆದುಕೊಡುವ ಕೆಲಸವನ್ನು ನಾನು 2016ರಿಂದ ಮಾಡುತ್ತಿದ್ದೇನೆ. ನನ್ನ ಆರ್ಡರ್ ಪುಸ್ತಕದಲ್ಲಿ ಒಂದು ಗುರುತಿದೆ. ಪುಟದ ಅಂಚಿನಲ್ಲಿ 'ಲೈ' ಅಂತ ಬರೆದು ಸುತ್ತ ಒಂದು ಸೊನ್ನೆ ಹಾಕಿರುತ್ತೇನೆ. ಲೈಟ್ ಅಂತ ಅರ್ಥ. ಅಂದರೆ ಮುಖದ ಬಣ್ಣ ತಿಳಿ ಮಾಡಬೇಕು. (ಇಂಗ್ಲಿಷ್ ಬಲ್ಲವರು ಆ ಒಂದಕ್ಷರವನ್ನು ಬೇರೆ ಥರ ಓದಿಕೊಂಡರೂ ನನ್ನದೇನೂ ತಕರಾರಿಲ್ಲ.) ಮೊನ್ನೆ ಕೂತು ಹಳೆಯ ಪುಸ್ತಕಗಳನ್ನೆಲ್ಲ ತಿರುವಿ ಹಾಕಿದೆ. ಅರ್ಧಕ್ಕಿಂತ ಜಾಸ್ತಿ ಪುಟಗಳಲ್ಲಿ ಆ ಗುರುತಿದೆ. ಕೆಲವು ಕಡೆ ಗಿರಾಕಿ ಕೇಳಿರಲೇ ಇಲ್ಲ, ನಾನೇ ಮಾಡಿದ್ದೇನೆ.

ಇನ್ನು ಮಾಡುವುದಿಲ್ಲ. ಮಾಡಿದ್ದನ್ನು ತಿದ್ದಿಕೊಡುತ್ತೇನೆ, ದುಡ್ಡು ಬೇಡ. ಮತ್ತೆ, ಇದನ್ನೇ ನನ್ನ ಪ್ರಚಾರಕ್ಕೂ ಬಳಸಿಕೊಳ್ಳುತ್ತೇನೆ, ಅದನ್ನು ಮುಚ್ಚಿಡಲ್ಲ. ಹೊಟ್ಟೆಪಾಡಿಗೆ ಚಿತ್ರ ಬರೆಯುವವಳು ನಾನು.

ಮೊದಲು ಒಂದು ಮನೆಯ ಕಥೆ ಹೇಳುತ್ತೇನೆ. ಅರಕಲಗೂಡು ಕಡೆಯ ಊರು. ಆಲೂಗಡ್ಡೆ, ಹೊಗೆಸೊಪ್ಪು ಬೆಳೆಯುವ ಮನೆ. ತಾಯಿ ತೀರಿಕೊಂಡು ವರ್ಷ ತುಂಬುತ್ತಿತ್ತು. ವರ್ಷದ ತಿಥಿಗೆ ಗೋಡೆಗೆ ಹಾಕಲು ದೊಡ್ಡ ಚಿತ್ರ ಬೇಕು ಅಂತ ಬೆಂಗಳೂರಿನಲ್ಲಿರುವ ಮಗ ಆರ್ಡರ್ ಕೊಟ್ಟರು. ವಾಟ್ಸಾಪಿನಲ್ಲಿ ಕಳಿಸಿದ್ದು ವೋಟರ್ ಐಡಿಯ ಫೋಟೊ, ಮತ್ತೆ ಯಾರದೋ ಮದುವೆ ಊಟದ ಪಂಕ್ತಿಯಲ್ಲಿ ತೆಗೆದ ಇನ್ನೊಂದು. ಎರಡರಲ್ಲೂ ಆಯಮ್ಮ ಎಣ್ಣೆಗಪ್ಪು. ಕೆನ್ನೆ ಮೂಳೆ ಎದ್ದು ಕಾಣುವ, ಹಣೆ ಮಿನುಗುವ ಮುಖ, ಬರೆಯುವವರಿಗೆ ಹಬ್ಬ. ಮಗ ಹೇಳಿದರು, "ಅಮ್ಮ ಬಿಸಿಲಲ್ಲಿ ಗೇದು ಗೇದು ಹಂಗಾಗಿದ್ರು ಮೇಡಂ, ಒರಿಜಿನಲ್ ಬಣ್ಣ ಅದಲ್ಲ. ಸ್ವಲ್ಪ ನೋಡ್ಕೊಂಡು ಮಾಡಿ." ಈ ಒರಿಜಿನಲ್ ಬಣ್ಣದ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ನಮ್ಮ ಜಿಲ್ಲೆಯಲ್ಲಿ ಹುಟ್ಟುವಾಗ ಎಲ್ಲರೂ ಬೆಳ್ಳಗೇ ಇರುತ್ತಾರೆ, ಆಮೇಲೆ ಬಿಸಿಲು ಹಾಳು ಮಾಡುತ್ತದೆ. ಸರಿ, ನೋಡ್ಕೊಂಡು ಮಾಡಿದೆ.

ಬಸ್ಸಿನಲ್ಲಿ ಕಳಿಸಿದರೆ ಗಾಜು ಉಳಿಯಲ್ಲ ಅಂತ ನಾನೇ ತೆಗೆದುಕೊಂಡು ಹೋದೆ. ಜಗಲಿಯ ಮೇಲೆ ಆಯಮ್ಮನ ಯಜಮಾನರು ಕೂತಿದ್ದರು. ಎಂಬತ್ತರ ಹತ್ತಿರದ ವಯಸ್ಸು. ಕಾಗದ ಬಿಚ್ಚಿ ತೋರಿಸಿದೆ. ತುಂಬ ಹೊತ್ತು ನೋಡಿದರು. "ಚೆನ್ನಾಗೈತೆ ಕಣವ್ವ" ಅಂದರು. ಕಾಫಿ ತರಿಸಿದರು. ನಾನು ಕುಡಿದು ಲೋಟ ಇಡುವಾಗ ಕೇಳಿದರು, "ನಮ್ಮೋಳ್ದು ಯಾವಾಗ ಕೊಡ್ತೀಯವ್ವ?"

ಕಣ್ಣು ಮಂಜಾಗಿದೆ, ವಯಸ್ಸಾಯ್ತಲ್ಲ ಅಂತ ಮನೆಯವರು ಸಮಾಧಾನ ಹೇಳಿದರು. ಇರಬಹುದು. ಆದರೆ ನಾನು ಗೇಟು ದಾಟುವಾಗಲೇ ನನ್ನ ಚಪ್ಪಲಿಯ ಉಂಗುಷ್ಟ ಕಿತ್ತಿರುವುದನ್ನು ನೋಡಿ ಹೇಳಿದ್ದು ಅವರೇ.

ಇದನ್ನೆಲ್ಲ ಎಲ್ಲಿ ಕಲಿತೆ ಅಂತ ಕೇಳಿದರೆ, ಕಲಿಸಿದವರು ಯಾರೂ ಇಲ್ಲ. ಅಪ್ಪ ಬೋರ್ಡ್ ಬರೆಯುತ್ತಿದ್ದರು. ಲಾರಿಯ ಹಿಂದೆ, ಹಾಲಿನ ಸೊಸೈಟಿ ಗೋಡೆಯ ಮೇಲೆ, ಕೆಳಗೆ ಸಣ್ಣಗೆ ತಮ್ಮ ಹೆಸರು, ಪಕ್ಕದಲ್ಲಿ 'ಆರ್ಟ್ಸ್'. ಫ್ಲೆಕ್ಸ್ ಬಂದ ಮೇಲೆ ಆ ಕೆಲಸ ಹೋಯಿತು. ನಾನು ಮೈಸೂರಿನಲ್ಲಿ ಚಿತ್ರಕಲೆ ಓದಿ ಬಂದು ಒಂದು ಸ್ಟುಡಿಯೊದಲ್ಲಿ ಫೋಟೊ ತಿದ್ದುವ ಕೆಲಸಕ್ಕೆ ಸೇರಿದೆ. ಅಲ್ಲಿ ಫೋಟೊಶಾಪಿನಲ್ಲಿ ಒಂದು ಕೀಲಿ ಒತ್ತಿದರೆ ಮುಖ ತಾನೇ ತಿಳಿಯಾಗುವ ಹಾಗೆ ಮಾಡಿಟ್ಟಿದ್ದರು. ಮದುವೆ ಹುಡುಗಿಗೆ ಒಂದು ಸಲ, ಜಾಸ್ತಿ ಕಪ್ಪಿದ್ದರೆ ಎರಡು ಸಲ. ಭಾವಪೂರ್ಣ ಶ್ರದ್ಧಾಂಜಲಿಯ ಫ್ಲೆಕ್ಸಿಗೂ ಅದೇ ಕೀಲಿ. ಸತ್ತವರನ್ನೂ ಬಿಡುತ್ತಿರಲಿಲ್ಲ.

ಈಗ ಫೋನಿನ ಕ್ಯಾಮೆರಾನೇ ಕೇಳದೆ ಅದನ್ನು ಮಾಡುತ್ತದೆ, ಬಿಡಿ. ಕ್ಯಾಮೆರಾದ ಈ ಚಾಳಿ ಹೊಸದೂ ಅಲ್ಲ. ರೀಲಿನ ಕಾಲದಲ್ಲಿ ಪ್ರಿಂಟ್ ಹಾಕುವ ಲ್ಯಾಬುಗಳು ಬಣ್ಣ ಹೊಂದಿಸಿಕೊಳ್ಳಲಿ ಅಂತ ಕೊಡಾಕ್ ಕಂಪನಿ ಒಂದು ಕಾರ್ಡ್ ಕೊಡುತ್ತಿತ್ತು. ಶರ್ಲಿ ಕಾರ್ಡ್ ಅಂತ ಹೆಸರು. ಅದರಲ್ಲಿ ಇದ್ದದ್ದು ಒಬ್ಬ ಬಿಳಿ ಹೆಂಗಸು. ಅವಳ ಚರ್ಮ ಸರಿಯಾಗಿ ಬಂದರೆ ಬಣ್ಣ ಸರಿ ಅಂತ ಲೆಕ್ಕ. ನಮ್ಮಂಥವರು ಹಲ್ಲು ಮಾತ್ರ ಕಾಣುವ ಹಾಗೆ ಬಂದರೆ ಅದು ನಮ್ಮ ಹಣೆಬರಹ. ಮಕ್ಕಳ ಬಣ್ಣದ ಕಡ್ಡಿಯಲ್ಲೂ ಹೀಗೇ. ಅಮೆರಿಕದ ಕ್ರೆಯೋಲಾ ಕಂಪನಿ ಒಂದು ತಿಳಿ ಕಡ್ಡಿಗೆ 'ಮೈಬಣ್ಣ' ಅನ್ನುವ ಅರ್ಥದ ಹೆಸರಿಟ್ಟಿತ್ತು, 1962ರಲ್ಲಿ ಅದನ್ನು ಪೀಚ್ ಅಂತ ಬದಲಾಯಿಸಿತು. ನಮ್ಮಲ್ಲಿ ಆ ಹೆಸರು ಇನ್ನೂ ಬಾಯಿಂದ ಹೋಗಿಲ್ಲ. ಭಾನುವಾರ ನನ್ನ ಹತ್ತಿರ ಕಲಿಯಲು ಬರುವ ಮಕ್ಕಳು "ಮಿಸ್, ಸ್ಕಿನ್ ಕಲರ್ ಕೊಡಿ" ಅಂತ ಕೈ ಚಾಚುತ್ತಾರೆ. ಚಾಚಿದ ಕೈಗೂ ಕೇಳಿದ ಕಡ್ಡಿಗೂ ಸಂಬಂಧವೇ ಇರಲ್ಲ.

ಮೈಸೂರಿನಲ್ಲಿ ನನ್ನ ಜೊತೆ ಹಳಿಯಾಳದ ಕಡೆಯ ಒಬ್ಬ ಹುಡುಗ ಓದುತ್ತಿದ್ದ. ಸಿದ್ದಿ ಸಮುದಾಯದವನು. ನೂರಾರು ವರ್ಷಗಳ ಹಿಂದೆ ಆಫ್ರಿಕಾದಿಂದ, ಬಹಳಷ್ಟು ಮಂದಿ ಗುಲಾಮರಾಗಿ ಬಂದವರ ಪೀಳಿಗೆ ಅದು. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಿನ ಅಂಚಿನಲ್ಲಿ ಇದ್ದಾರೆ. ಅವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು 2003ರಲ್ಲಿ. ಅವನ ಕನ್ನಡ ನನ್ನದಕ್ಕಿಂತ ಚೆನ್ನಾಗಿತ್ತು. ಆದರೂ ರೂಮು ಹುಡುಕಲು ಹೋದಾಗ ಓನರು ಪಾಸ್‌ಪೋರ್ಟ್ ಕೇಳಿದ್ದರು. ಕನ್ನಡದಲ್ಲಿ ಉತ್ತರ ಕೊಟ್ಟರೆ "ಅಬ್ಬಾ, ಎಷ್ಟ್ ಚೆನ್ನಾಗ್ ಕಲ್ತಿದ್ದೀಯಪ್ಪ" ಅಂದರಂತೆ. ಇದನ್ನು ಅವನು ಜೋಕಿನ ಥರ ಹೇಳುತ್ತಿದ್ದ, ನಾವೆಲ್ಲ ಬಿದ್ದು ಬಿದ್ದು ನಗುತ್ತಿದ್ದೆವು. ಜೋಕಿನ ಥರ ಹೇಳದಿದ್ದರೆ ನಾವು ಕೇಳಿಸಿಕೊಳ್ಳುತ್ತಿರಲಿಲ್ಲ ಅಂತ ಅವನಿಗೆ ಗೊತ್ತಿತ್ತು ಅಂತ ಈಗ ಅನ್ನಿಸುತ್ತದೆ. 2016ರಲ್ಲಿ ಬೆಂಗಳೂರಿನ ಹೆಸರಘಟ್ಟದ ಹತ್ತಿರ ಬೇರೆ ಯಾರೋ ಸುಡಾನಿನವನು ಮಾಡಿದ ಅಪಘಾತಕ್ಕೆ, ಆಮೇಲೆ ಅಲ್ಲಿಗೆ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯನ್ನು ಗುಂಪು ಹಿಡಿದು ಹೊಡೆಯಿತಲ್ಲ, ಆಗ ಫೋನ್ ಮಾಡಿ "ಈ ವಾರ ನಾ ಬೆಂಗಳೂರಿಗೆ ಹೋಗೂದಿಲ್ಲ ಮಾರಾಯ್ತಿ" ಅಂದ. ಅದನ್ನೂ ನಗುತ್ತಲೇ ಹೇಳಿದ.

ನನಗೆ ಬಣ್ಣ ನೋಡುವುದನ್ನು ಕಲಿಸಿದವನು ಅವನೇ. ಒಂದು ದಿನ ಮಾಡೆಲ್ ಆಗಿ ಕೂತಿದ್ದ. ನಾನು ಕಪ್ಪು ಟ್ಯೂಬು ಹಿಂಡಿ ಬಳಿದಿದ್ದೆ. ನೋಡಿದವನೇ "ನಾನೇನ್ ಟಾರ್ ರೋಡಾ?" ಅಂದ. ಕಿಟಕಿಯ ಪಕ್ಕ ಕರೆದು ಕೈ ತೋರಿಸಿದ. ನಿಜಕ್ಕೂ ಅಲ್ಲಿ ಟ್ಯೂಬಿನ ಕಪ್ಪು ಎಲ್ಲೂ ಇರಲಿಲ್ಲ. ಬೆಳಕು ಬಿದ್ದ ಕಡೆ ಆಕಾಶದ ನೀಲಿ, ನೆರಳಿನಲ್ಲಿ ಕೆಂಪು, ಬೆರಳ ಗೆಣ್ಣಿನ ಹತ್ತಿರ ಸ್ವಲ್ಪ ನೇರಳೆ. ಬರ್ಂಟ್ ಅಂಬರ್‌ಗೆ ಅಲ್ಟ್ರಾಮರೀನ್ ನೀಲಿ ಸೇರಿಸಬೇಕು, ಬಿಸಿ ಬೇಕಾದ ಕಡೆ ಬರ್ಂಟ್ ಸಿಯೆನಾ, ಎಲ್ಲೋ ಒಂದು ಚೂರು ಅಲಿಜರಿನ್. ಬಿಳಿ ಜಾಸ್ತಿ ಬಿತ್ತೋ ಕೆಟ್ಟಿತು, ಮುಖಕ್ಕೆ ಬೂದಿ ಬಳಿದ ಹಾಗಾಗುತ್ತದೆ. ತಿಳಿ ಬಣ್ಣದ ಮುಖವನ್ನು ಹೇಗೋ ಸಂಭಾಳಿಸಬಹುದು, ಎಣ್ಣೆಗಪ್ಪಿನ ಮುಖಕ್ಕೆ ಕೂತು ನೋಡುವ ವ್ಯವಧಾನ ಬೇಕು. ಅಷ್ಟು ಕಲಿತವಳು ಹಾಸನಕ್ಕೆ ಬಂದು ತಿಂಗಳಿಗೆ ಎರಡು ಟ್ಯೂಬು ಟೈಟೇನಿಯಂ ವೈಟ್ ಖಾಲಿ ಮಾಡುತ್ತಿದ್ದೆ.

ಹೈಸ್ಕೂಲಿನಲ್ಲಿ "ವರ್ಣಭೇದ ನೀತಿ ಎಂದರೇನು?" ಅಂತ ಎರಡು ಮಾರ್ಕಿನ ಪ್ರಶ್ನೆ ಬರುತ್ತಿತ್ತು. ದಕ್ಷಿಣ ಆಫ್ರಿಕಾ, ಮಂಡೇಲಾ, 27 ವರ್ಷ ಜೈಲು, 1994ರ ಚುನಾವಣೆ ಅಂತ ಬರೆದರೆ ಪೂರ್ತಿ ಮಾರ್ಕು. ನಾನೂ ತೆಗೆದುಕೊಂಡೆ. ಅದೇ ಬೆಂಚಿನ ತುದಿಯಲ್ಲಿ ಕೂರುತ್ತಿದ್ದ ಹುಡುಗಿಯನ್ನು ನಾವು ಹೆಸರು ಹಿಡಿದು ಕರೆದದ್ದೇ ಇಲ್ಲ, ಕಾಗೆ ಅನ್ನುತ್ತಿದ್ದೆವು. ವರ್ಣ ಅನ್ನುವ ಪದವನ್ನು ದಕ್ಷಿಣ ಆಫ್ರಿಕಾದವರು ನಮಗೆ ಕೊಟ್ಟಿದ್ದಲ್ಲ, ಅಲ್ವಾ. ಬಣ್ಣಕ್ಕೂ ಅದೇ ಪದ, ಜಾತಿಯ ಮೇಲುಕೀಳಿಗೂ ಅದೇ ಪದ. 2001ರಲ್ಲಿ ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ಜನಾಂಗಭೇದದ ವಿರುದ್ಧ ವಿಶ್ವಸಂಸ್ಥೆಯ ಸಮ್ಮೇಳನ ನಡೆದಾಗ ಜಾತಿಯನ್ನೂ ಚರ್ಚೆಗೆ ತನ್ನಿ ಅಂತ ದಲಿತ ಸಂಘಟನೆಗಳು ಕೇಳಿದವು. ಜಾತಿ ಬೇರೆ, ಜನಾಂಗ ಬೇರೆ ಅಂತ ನಮ್ಮ ಸರ್ಕಾರ ಒಪ್ಪಲಿಲ್ಲ. ಬೇರೆಯೇನೋ ಹೌದು. ಪಂಜಾಬಿನ ಬ್ರಾಹ್ಮಣ, ಪಂಜಾಬಿನ ಚಮ್ಮಾರ ಇಬ್ಬರೂ ಒಂದೇ ಜನಾಂಗ ಅಂತ ಅಂಬೇಡ್ಕರ್ 1936ರಲ್ಲೇ ಬರೆದಿದ್ದರು. ಆದರೆ ನನ್ನ ಅಂಗಡಿಯ ಬೆಂಚಿನ ಮೇಲೆ ಕೂತವರಿಗೆ ಇವೆಲ್ಲ ಕಲಸಿಹೋಗಿವೆ. "ಕಪ್ಪಗೆ ಬರೆದ್ರೆ ನೋಡ್ದವ್ರು ಏನೋ ಅನ್ಕೊತಾರೆ ಮೇಡಂ" ಅನ್ನುತ್ತಾರೆ. ಆ ಏನೋ ಅಂದರೆ ಏನು ಅಂತ ನಿಮಗೂ ಗೊತ್ತು, ನನಗೂ ಗೊತ್ತು.

ನನ್ನ ಕಥೆ ಇನ್ನೂ ನಾಚಿಕೆಯದು. 2020ರ ಮೇ 25ರಂದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಬಿಳಿ ಪೊಲೀಸನೊಬ್ಬ ಕಪ್ಪು ಜನಾಂಗದ ಜಾರ್ಜ್ ಫ್ಲಾಯ್ಡ್ ಅವರ ಕತ್ತಿನ ಮೇಲೆ ಮೊಣಕಾಲಿಟ್ಟು ಕೊಂದ. ಜೂನ್ 2ಕ್ಕೆ ಜಗತ್ತೆಲ್ಲ ಇನ್‌ಸ್ಟಾಗ್ರಾಮಿನಲ್ಲಿ ಕಪ್ಪು ಚೌಕ ಹಾಕಿತು. ನಾನೂ ಹಾಕಿದೆ. ಲೈಕು ಸುಮಾರಾಗಿ ಬಂದವು. ಫೋನ್ ಕೆಳಗಿಟ್ಟು, ಕಂಪ್ಯೂಟರಿನಲ್ಲಿ ಅರ್ಧಕ್ಕೆ ನಿಂತಿದ್ದ ಕೆಲಸಕ್ಕೆ ಕೂತೆ. ಕೊರೊನಾ ಕಾಲ, ಚಿತ್ರಕ್ಕೆ ಆರ್ಡರ್ ಇಲ್ಲ, ಸ್ಟುಡಿಯೊದವರು ಕಳಿಸುತ್ತಿದ್ದ ಮದುವೆ ಬಯೋಡೇಟಾದ ಫೋಟೊಗಳೇ ಗತಿ. ಅವತ್ತಿನದು ಚನ್ನರಾಯಪಟ್ಟಣದ ಕಡೆಯ ಹುಡುಗಿ. ಕೀಲಿ ಎರಡು ಸಲ ಒತ್ತಿದೆ. ಮುಂದಿನ ತಿಂಗಳು, 1975ರಿಂದ ಮಾರಾಟದಲ್ಲಿದ್ದ ಫೇರ್ ಅಂಡ್ ಲವ್ಲಿ ಕ್ರೀಮು ಫೇರ್ ತೆಗೆದು ಗ್ಲೋ ಅಂತ ಹೆಸರು ಇಟ್ಟುಕೊಂಡಿತು. ನಾನು ಅಷ್ಟನ್ನೂ ಮಾಡಲಿಲ್ಲ.

ಕೊನೆಗೆ ಪುಸ್ತಕ ತಿರುವಿ ಹಾಕುವ ಹಾಗೆ ಮಾಡಿದ್ದು ಸಕಲೇಶಪುರದ ಕಡೆಯ ಒಂದು ಎಸ್ಟೇಟ್. ಹೋಮ್‌ಸ್ಟೇಯ ಊಟದ ಹಾಲಿಗೆ ಆರಡಿ ಉದ್ದದ ಚಿತ್ರ, ಕಾಫಿ ಹಣ್ಣು ಕುಯ್ಯುವ ಹೆಂಗಸರದು. ಅಡ್ವಾನ್ಸ್ ಕೈಗೆ ಬಂತು. ಡಿಸೆಂಬರಿನಲ್ಲಿ ಅರೇಬಿಕಾ ಕುಯ್ಲು ನಡೆಯುವಾಗ ಎರಡು ದಿನ ತೋಟದಲ್ಲೇ ಕೂತು ಸ್ಕೆಚ್ ಮಾಡಿದೆ. ಕುಯ್ಯುತ್ತಿದ್ದವರಲ್ಲಿ ಅಸ್ಸಾಮಿನವರೇ ಜಾಸ್ತಿ. ನಾನೂ ಮೊದಲ ದಿನ ತೋಟದ ಲೆಕ್ಕ ಬರೆಯುವ ರೈಟರ ಹತ್ತಿರ "ಆ ನೇಪಾಳಿ ಹುಡುಗಿಯನ್ನ ಸ್ವಲ್ಪ ಈ ಕಡೆ ನಿಲ್ಲಿಸಿ" ಅಂದವಳೇ. ಅವಳು ಅಸ್ಸಾಮಿನವಳು. ಪಕ್ಕದ ಗಿಡದಲ್ಲಿ ಕುಯ್ಯುತ್ತಿದ್ದವಳ ಮುಖ ನಮ್ಮ ಕಡೆಯವರ ಹಾಗೇ ಇತ್ತು, ಅವಳೂ ಅಸ್ಸಾಮಿನವಳೇ. ಹೇಗೆ ಅಂತ ಅರ್ಧಂಬರ್ಧ ಹಿಂದಿಯಲ್ಲಿ ಕೇಳಿದೆ. ಅವಳ ತಾತ ಮುತ್ತಾತನ ಕಾಲದಲ್ಲಿ ಬ್ರಿಟಿಷರು ಛೋಟಾನಾಗಪುರದ ಕಡೆಯಿಂದ ಜನರನ್ನು ಅಸ್ಸಾಮಿನ ಟೀ ತೋಟಕ್ಕೆ ಸಾಗಿಸಿದ್ದರಂತೆ. ಅಲ್ಲಿಂದ ಈಗ ಇಲ್ಲಿಗೆ, ಕಾಫಿ ತೋಟಕ್ಕೆ. ಇಷ್ಟೆಲ್ಲ ಇದ್ದರೂ ನಾವು ಕೂಲಿಯವರ ಲೈನ್ ಮನೆ ಕಡೆ ಕೈ ತೋರಿಸಿ 'ಅಸ್ಸಾಮಿಗಳು' ಅಂತ ಒಂದೇ ಪದದಲ್ಲಿ ಮುಗಿಸುತ್ತೇವೆ, ಊರಲ್ಲಿ ಏನಾದರೂ ಕಳವಾದರೆ ಮೊದಲು ಅವರ ಆಧಾರ್ ಕೇಳುತ್ತೇವೆ. 2012ರ ಆಗಸ್ಟಿನಲ್ಲಿ ಬರೀ ಗಾಳಿಮಾತಿಗೆ ಹೆದರಿ ಈಶಾನ್ಯದ ಸಾವಿರಾರು ಜನ ಬೆಂಗಳೂರು ಬಿಟ್ಟು ಗುವಾಹಟಿಯ ರೈಲು ಹತ್ತಿದ್ದು ನೆನಪಿರಬೇಕು. ಯಾಕಷ್ಟು ಬೇಗ ಹೆದರಿದರು ಅಂತ ಆಗ ನನಗೆ ಅರ್ಥವಾಗಿರಲಿಲ್ಲ.

ಸ್ಕೆಚ್ ನೋಡಿ ಸಾಹುಕಾರರು ಮೆಚ್ಚಿದರು. ಆಮೇಲೆ ಮೆತ್ತಗೆ, "ಮುಖ ಮಾತ್ರ ಇವ್ರದು ಬೇಡಮ್ಮ. ಗೆಸ್ಟ್‌ಗಳಿಗೆ ಮಲೆನಾಡು ಅನ್ನಿಸ್ಬೇಕಲ್ವಾ, ನಮ್ ಕಡೆ ಹೆಂಗಸ್ರ ಥರ ಇರ್ಲಿ. ತೀರಾ ಕಪ್ಪೂ ಬೇಡ" ಅಂದರು. ಆಯ್ತು ಸರ್ ಅಂದೆ. ಅವರು ಕೆಟ್ಟವರೇನಲ್ಲ, ಕೂಲಿಯಲ್ಲಿ ಒಂದು ರೂಪಾಯಿ ಹಿಡಿಯದ ಮನುಷ್ಯ. ಚಿತ್ರ ತಗುಲಿಹಾಕಿದ ದಿನ, ನಾನು ನೇಪಾಳಿ ಅಂದಿದ್ದ ಆ ಹುಡುಗಿ ಕಿಟಕಿಯಿಂದ ಇಣುಕಿ ನೋಡಿದಳು. ತಲೆಗೆ ಕಟ್ಟಿದ ಟವೆಲ್ಲು, ಸೊಂಟಕ್ಕೆ ಸುತ್ತಿದ ಗೊಬ್ಬರದ ಚೀಲ, ಚೂಡಿದಾರದ ಮೇಲೆ ತೊಟ್ಟ ಗಂಡಸರ ಚೌಕಳಿ ಶರ್ಟು, ಎಲ್ಲ ಅವಳದೇ. "ಅಕ್ಕಾ, ಶರ್ಟು ನಂದು" ಅಂದಳು. ಖುಷಿಯಾಗಿಯೇ ಅಂದಳು. ಮುಖದ ವಿಷಯ ಎತ್ತಲಿಲ್ಲ.

ಈಗ ಪ್ರಚಾರದ ಮಾತು. ಇಲ್ಲಿಯವರೆಗೆ ನನ್ನ ಇನ್‌ಸ್ಟಾಗ್ರಾಂ ಪುಟ ತೆಗೆದರೆ ಹಾಸನ ಜಿಲ್ಲೆಗೆ ಬಿಸಿಲೇ ಬೀಳಲ್ಲವೇನೋ ಅನ್ನಿಸುತ್ತಿತ್ತು. ಅದನ್ನೆಲ್ಲ ಅಳಿಸಿದ್ದೇನೆ. ಇನ್ನು ಮೇಲೆ ಅರ್ಧ ಆದ ಚಿತ್ರಗಳನ್ನೇ ಹಾಕುತ್ತೇನೆ. ಬಣ್ಣ ಕಲಸುವುದನ್ನು, ತಪ್ಪಾಗಿ ಒರೆಸುವುದನ್ನು, ಒಂದು ಹಣೆಗೆ ಮೂರು ದಿನ ಯಾಕೆ ಹಿಡಿಯುತ್ತದೆ ಅನ್ನುವುದನ್ನು ವಿಡಿಯೊ ಮಾಡುತ್ತೇನೆ. ಬಿಳಿ ಮಾಡಿದ ಹಳೆಯ ಚಿತ್ರ, ತಿದ್ದಿದ ಹೊಸ ಚಿತ್ರ ಅಂತ ಅಕ್ಕಪಕ್ಕ ಇಟ್ಟು ತೋರಿಸುವುದಿಲ್ಲ. ಅದು ಜೋರಾಗಿ ಓಡುತ್ತದೆ ಅಂತ ಗೊತ್ತು. ಆದರೆ ನಿಮ್ಮ ತಾಯಿಯ ಮುಖ ಇಟ್ಟುಕೊಂಡು ನಿಮ್ಮ ಮಾನ ಕಳೆಯುವ ಕೆಲಸ ಅದು. ಗೆಳತಿಯೊಬ್ಬಳು ಮೈಬಣ್ಣಗಳಿಗೆ ಕಾಫಿ, ಬೆಲ್ಲ, ರಾಗಿ ಅಂತ ಹೆಸರಿಟ್ಟು ಸರಣಿ ಮಾಡು ಅಂದಳು. ಮನುಷ್ಯರನ್ನು ದಿನಸಿ ಅಂಗಡಿ ಮಾಡೋಕೆ ನನಗೆ ಮನಸ್ಸಿಲ್ಲ. ಟ್ಯೂಬಿನ ಮೇಲಿರುವ ಹೆಸರೇ ಸಾಕು.

ಆರ್ಡರ್ ತೆಗೆದುಕೊಳ್ಳುವಾಗಲೇ ಒಂದು ಚೀಟಿ ಕೊಡುತ್ತೇನೆ. ಚಿತ್ರವನ್ನು ಬೇರೆಯವರಿಗೆ ತೋರಿಸಬಹುದಾ, ಬೇಡವಾ, ಹೆಸರು ಹಾಕಬಹುದಾ ಅಂತ ಕೇಳಿರುತ್ತೇನೆ. ಒಪ್ಪಿದರೆ ಫ್ರೇಮಿನ ಖರ್ಚು ನನ್ನದು. ಒಪ್ಪದಿದ್ದರೆ ಏನೂ ಬೇಜಾರಿಲ್ಲ. ತೋಟದಲ್ಲಿ, ಸಂತೆಯಲ್ಲಿ ಯಾರದಾದರೂ ಮುಖ ಬರೆದುಕೊಂಡರೆ ಅವರಿಗೂ ಇದೇ ಚೀಟಿ, ಅವರ ಭಾಷೆಯಲ್ಲಿ ಓದಿ ಹೇಳುವವರನ್ನು ಹುಡುಕಿಯಾದರೂ. ಜೊತೆಗೆ ಊರಿಗೆ ಕಳಿಸಿಕೊಳ್ಳಲು ಅವರದೇ ಒಂದು ಸಣ್ಣ ಚಿತ್ರ. ಮೊದಲನೆಯದು ಯಾರಿಗೆ ಅಂತ ನಿಮಗೆ ಗೊತ್ತಾಗಿರಬೇಕು.

ಹಾಸನಾಂಬೆಯ ಬಾಗಿಲು ಆಶ್ವಯುಜದ ಹುಣ್ಣಿಮೆ ಕಳೆದ ಗುರುವಾರ ತೆರೆದರೆ ಬಲಿಪಾಡ್ಯಮಿಯ ಮಾರನೇ ದಿನದವರೆಗೆ ಊರು ತುಂಬ ಜನ. ದರ್ಶನ ಮುಗಿಸಿ ಬರುವವರಿಗೆ ಹತ್ತು ನಿಮಿಷದಲ್ಲಿ ಮುಖ ಬರೆದುಕೊಡುತ್ತೇನೆ, ನೂರೈವತ್ತು ರೂಪಾಯಿ. ಬೋರ್ಡನ್ನು ಅಪ್ಪ ಬರೆದುಕೊಡುತ್ತಿದ್ದಾರೆ: "ಇದ್ದ ಬಣ್ಣದಲ್ಲೇ ಚಿತ್ರ ಬರೆದುಕೊಡಲಾಗುವುದು." ಬರೆದುಕೊಡುತ್ತೇವೆ ಅಂತ ಹಾಕಿ ಅಂದೆ, ಬೋರ್ಡಿನಲ್ಲಿ 'ಲಾಗುವುದು' ಇಲ್ಲದಿದ್ದರೆ ನಂಬಿಕೆ ಬರಲ್ಲ ಅಂದರು. ನಗರದ ಆಡಳಿತದವರಲ್ಲಿ ಒಂದು ಕೋರಿಕೆ. ಆ ದಿನಗಳಲ್ಲಿ ಮಹಾರಾಜ ಪಾರ್ಕಿನ ಮರಗಳ ಕೆಳಗೆ ಇಪ್ಪತ್ತು ಚಿತ್ರ ನೇತುಹಾಕಲು ಅನುಮತಿ ಕೊಡಿ. ಮೊಳೆ ಹೊಡೆಯಲ್ಲ, ಹಗ್ಗ ಕಟ್ಟುತ್ತೇನೆ. ಅರ್ಜಿ ಬೇರೆ ಕೊಟ್ಟಿದ್ದೇನೆ.

ಪ್ರಚಾರ ಅಂದರೆ ಮೂಗು ಮುರಿಯುವ ಕಲಾವಿದರು ನಮ್ಮಲ್ಲಿ ಇದ್ದಾರೆ. ಅವರು ಒಮ್ಮೆ ಬೇಲೂರಿಗೆ ಹೋಗಿ ಮದನಿಕೆಯರ ಪೀಠ ನೋಡಲಿ. 1117ರಲ್ಲಿ ಪ್ರತಿಷ್ಠೆಯಾದ ಗುಡಿ, ವಿಷ್ಣುವರ್ಧನ ಕೊಟ್ಟ ಆರ್ಡರ್. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರನ್ನು ಕಲ್ಲಿನಲ್ಲೇ ಬಿಟ್ಟು ಹೋಗಿದ್ದಾರೆ. ಅಪ್ಪನ 'ಆರ್ಟ್ಸ್' ಕೂಡ ಅದೇ ತಾನೆ. (ಕಪ್ಪು ಕಲ್ಲಿನ ಸುಂದರಿಯರನ್ನು ಹೊಗಳುವ ನಾವು ಅಂತ ಇಲ್ಲಿ ಭಾಷಣ ಶುರು ಮಾಡಬಹುದಿತ್ತು, ಮಾಡಲ್ಲ. ಕಲ್ಲನ್ನು ಯಾರೂ ಸೊಸೆ ಮಾಡಿಕೊಳ್ಳಬೇಕಾಗಿಲ್ಲ.) ನನ್ನ ಚಿತ್ರದ ಹಿಂದೆ ಇನ್ನು ಮೇಲೆ ನನ್ನ ಹೆಸರಿನ ಜೊತೆ ಬಳಸಿದ ಬಣ್ಣಗಳ ಹೆಸರೂ ಇರುತ್ತದೆ. ಮುಂದೆ ಯಾರಾದರೂ ತಿದ್ದಿದರೆ ಗೊತ್ತಾಗಲಿ.

ಒಂದು ವಿಷಯದಲ್ಲಿ ನನಗಿನ್ನೂ ದಾರಿ ಕಂಡಿಲ್ಲ. ಮದುವೆ ಬಯೋಡೇಟಾದ ಫೋಟೊ. ಹೋದ ತಿಂಗಳು ಒಬ್ಬಳು ಹುಡುಗಿ ಒಂಟಿಯಾಗಿ ಬಂದಿದ್ದಳು. ಬ್ಯಾಂಕಿನಲ್ಲಿ ಕೆಲಸ. ನಾನು ಹೀಗೆಲ್ಲ ಮಾಡಲ್ಲ ಅಂತ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, "ಮೇಡಂ, ನೀವ್ ಹೇಳೋದೆಲ್ಲ ಸರಿ. ಆದ್ರೆ ಫೋಟೊ ನೋಡೇ ಬೇಡ ಅಂದ್ರೆ ನಾನ್ ಮಾತಾಡೋ ಚಾನ್ಸೇ ಸಿಗಲ್ವಲ್ಲ" ಅಂದಳು. ಅವಳಿಗೆ ಬುದ್ಧಿ ಹೇಳೋಕೆ ನನಗೆ ಬಾಯಿ ಬರಲಿಲ್ಲ. ಆ ಥರದ ಫೋಟೊ ಕೆಲಸವನ್ನೇ ನಿಲ್ಲಿಸಿದ್ದೇನೆ, ಅದು ಉತ್ತರವಲ್ಲ ಅಂತಲೂ ಗೊತ್ತು. ಅವಳು ಎದುರಿನ ಸ್ಟುಡಿಯೊಕ್ಕೆ ಹೋದಳು.

ಗಿರಾಕಿಗಳು ಕಡಿಮೆಯಾಗುತ್ತಾರೆ ಅಂತ ಮನೆಯಲ್ಲಿ ಹೆದರುತ್ತಿದ್ದಾರೆ. ಆಗಲೇ ಎರಡು ಆರ್ಡರ್ ಹೋದವು. ರೇಟು ಇಳಿಸಲ್ಲ, ಅಡ್ವಾನ್ಸ್ ಅರ್ಧ, ಮೊದಲಿನ ಹಾಗೇ.

ಚಿತ್ರ ತಿದ್ದಿಸಿಕೊಳ್ಳುವವರಿಗೆ: ಆಯಿಲ್ ಪೇಂಟ್ ಆದರೆ ಅದರ ಮೇಲೆಯೇ ತಿದ್ದಬಹುದು, ಎರಡು ಮೂರು ವಾರ ಹಿಡಿಯುತ್ತದೆ. ಪೆನ್ಸಿಲ್ ಚಿತ್ರವಾದರೆ ಹೊಸದಾಗಿಯೇ ಬರೆಯಬೇಕು, ಹಳೆಯ ಫೋಟೊ ಇದ್ದರೆ ಜೊತೆಗೆ ತನ್ನಿ, ಸ್ಟುಡಿಯೊದಲ್ಲಿ ತಿದ್ದಿದ್ದು ಬೇಡ, ವೋಟರ್ ಐಡಿ ಆದರೂ ಪರವಾಗಿಲ್ಲ. ಗಾಜು ತೆಗೆದು ಮನೆಯಲ್ಲೇ ಇಟ್ಟು ಬನ್ನಿ. ಮಂಗಳವಾರ ನಾನಿರಲ್ಲ, ಅರಕಲಗೂಡಿಗೆ ಹೋಗಬೇಕು. ಆ ಯಜಮಾನರ ಹೆಂಡತಿಯ ಚಿತ್ರ ಮುಗಿದಿದೆ.

ಇಂತಿ,
ಚಿತ್ರ ಬರೆಯುವವಳು,
ಹಾಸನ